‘ಸದಾ ಆನ್’ ಅಂದ್ರೆ ತಿಂಗಳಿಗೆ ಎಷ್ಟು ಗಂಟೆ? ಡೆಡ್ ಫೋನಿನಿಂದ ರೂಟರ್‌ನ ಕೆಂಪು ದೀಪದವರೆಗೆ



ಮನೆಯಲ್ಲಿ ಫೈಬರ್ ಇಂಟರ್ನೆಟ್ ಇರುವವರಿಗೆಲ್ಲ ಒಂದು ಪುಟ್ಟ ಕೆಂಪು ದೀಪದ ಪರಿಚಯ ಇದ್ದೇ ಇರುತ್ತೆ. ಗೋಡೆಗೆ ಹಾಕಿದ ಆ ಬಿಳಿ ಡಬ್ಬಿಯ ಮೇಲೆ ‘ಎಲ್‌ಓಎಸ್’ ಅಂತ ಬರೆದಿರುತ್ತೆ. ಅದು ಮಿನುಗಿದರೆ ತಂತಿಯಲ್ಲಿ ಬೆಳಕು ಬರ್ತಿಲ್ಲ ಅಂತ ಅರ್ಥ. ಆಮೇಲೆ ನಾವು ಮಾಡುವ ಕೆಲಸವೂ ಎಲ್ಲರ ಮನೆಯಲ್ಲಿ ಒಂದೇ. ಸ್ವಿಚ್ ಆಫ್ ಮಾಡೋದು, ಆನ್ ಮಾಡೋದು, ವೈರ್ ಒತ್ತಿ ನೋಡೋದು, ಕೊನೆಗೆ ಕಸ್ಟಮರ್ ಕೇರ್‌ಗೆ ಫೋನ್. ‘ನಿಮ್ಮ ದೂರು ದಾಖಲಾಗಿದೆ’ ಅಂತ ಮೆಸೇಜ್ ಬರುತ್ತೆ. ಸಂಜೆಗೆ ಸರಿಹೋಗುತ್ತೆ. ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಇನ್ನೊಂದು ಮೆಸೇಜ್. ಮೂರು ದಿನ ಬಿಟ್ಟು ಮತ್ತೆ ಅದೇ ದೀಪ.

ನಮಗೆ ಸಿಟ್ಟು ಬರೋದು ಒಮ್ಮೆ ಕೆಟ್ಟಿದ್ದಕ್ಕಲ್ಲ, ಪದೇ ಪದೇ ಕೆಡೋದಕ್ಕೆ. ಆದರೆ ಕಂಪನಿಯ ಲೆಕ್ಕದಲ್ಲಿ ಪ್ರತಿಯೊಂದೂ ‘ಪರಿಹಾರವಾದ ದೂರು’. ನಮ್ಮ ಸಿಟ್ಟಿಗೂ ಅವರ ರಿಪೋರ್ಟಿಗೂ ಯಾಕೆ ತಾಳೆ ಆಗಲ್ಲ? ನಾನು ಓದಿದ್ದು ಬಿ.ಕಾಂ. ತಾಳೆಯಾಗದ ಲೆಕ್ಕ ಕಂಡರೆ ಹಿಂದಿನ ಪುಟ ತಿರುವಿ ನೋಡೋದು ನನ್ನ ಅಭ್ಯಾಸ. ಈ ಲೆಕ್ಕದ ಮೊದಲ ಪುಟ 1885ರಲ್ಲಿದೆ.

ಬ್ರಿಟಿಷರ ಕಾಯ್ದೆ, ನಮ್ಮ ಡೆಡ್ ಫೋನು

1885ರಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯ ಟೆಲಿಗ್ರಾಫ್ ಕಾಯ್ದೆ ತಂತು. ತಂತಿ, ಫೋನು ಎಲ್ಲವೂ ಸರ್ಕಾರದ್ದೇ. ಆ ಕಾಯ್ದೆಯ 9ನೇ ಸೆಕ್ಷನ್ ಸಾರಾಂಶ ಇಷ್ಟು: ಸಂದೇಶ ಪಡೆಯುವ, ಕಳಿಸುವ, ತಲುಪಿಸುವ ಕೆಲಸದಲ್ಲಿ ನೌಕರ ಲೋಪ ಮಾಡಿ ನಿಮಗೆ ನಷ್ಟವಾದರೆ ಅದಕ್ಕೆ ಸರ್ಕಾರ ಹೊಣೆಯಲ್ಲ. ಆಮೇಲೆ ಸೇರಿದ 7ಬಿ ಸೆಕ್ಷನ್ ಪ್ರಕಾರ, ಲೈನ್ ಅಥವಾ ಉಪಕರಣದ ವಿಷಯದಲ್ಲಿ ಜಗಳ ಬಂದರೆ ಕೇಂದ್ರ ಸರ್ಕಾರವೇ ನೇಮಿಸಿದ ಮಧ್ಯಸ್ಥಗಾರ ತೀರ್ಮಾನ ಕೊಡ್ತಾನೆ. ಅದನ್ನ ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ. ಈ 7ಬಿ ನೆನಪಿಟ್ಟುಕೊಳ್ಳಿ, ಕಥೆಯ ಕೊನೆಯಲ್ಲಿ ಮತ್ತೆ ಬರುತ್ತೆ.

ಸ್ವಾತಂತ್ರ್ಯ ಬಂತು, ಕಾಯ್ದೆ ಹಾಗೇ ಉಳೀತು. 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯ್ತು. ದೂರವಾಣಿನಗರ ಅನ್ನೋ ಬಡಾವಣೆಗೆ ಹೆಸರು ಬಂದಿದ್ದೇ ಅದರಿಂದ. ದೇಶದ ಫೋನು, ಎಕ್ಸ್‌ಚೇಂಜು ಅಲ್ಲಿ ತಯಾರಾಗ್ತಿತ್ತು. ಆದರೂ 1980ರ ದಶಕದ ಶುರುವಲ್ಲಿ ಸುಮಾರು 70 ಕೋಟಿ ಜನರ ದೇಶದಲ್ಲಿ ಇದ್ದ ಫೋನುಗಳು ಸುಮಾರು 25 ಲಕ್ಷ ಮಾತ್ರ. ಇರೋ ಲೈನು ಕಡಿಮೆ, ಮಾತಾಡುವವರು ಜಾಸ್ತಿ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಕಾದು ಪಡೆದ ಫೋನು ಮಳೆಗಾಲದಲ್ಲಿ ಡೆಡ್.

‘ಫೋನ್ ಡೆಡ್ ಆಗಿದೆ’ ಅನ್ನೋ ಮಾತು ಅಪ್ಪ-ಅಮ್ಮನ ಬಾಯಲ್ಲಿ ಈಗಲೂ ಇದೆ. ದೂರು ಕೊಡೋಕೆ 198ಕ್ಕೆ ಡಯಲ್ ಮಾಡಬೇಕಿತ್ತು. ಆದರೆ ಫೋನೇ ಡೆಡ್ ಆಗಿದ್ರೆ ಡಯಲ್ ಮಾಡೋದು ಎಲ್ಲಿಂದ? ಪಕ್ಕದ ಮನೆಯಿಂದ. ಅವರದ್ದೂ ಡೆಡ್ ಆಗಿದ್ರೆ ಎಕ್ಸ್‌ಚೇಂಜಿಗೆ ನಡ್ಕೊಂಡು ಹೋಗಬೇಕು. ಲೈನ್‌ಮನ್ ಪರಿಚಯ ಇದ್ದವರ ಮನೆ ಫೋನು ಬೇಗ ಸರಿಹೋಗ್ತಿತ್ತು, ದೀಪಾವಳಿಗೆ ಅವರ ಮನೆಯಿಂದ ಒಂದು ಸ್ವೀಟ್ ಬಾಕ್ಸೂ ಹೋಗ್ತಿತ್ತು.

ಆ ಕಾಲದ ಮನೋಭಾವ ಗೊತ್ತಾಗೋಕೆ ಒಂದು ಉದಾಹರಣೆ ಸಾಕು. ಇಂದಿರಾ ಗಾಂಧಿ ಸರ್ಕಾರದಲ್ಲಿ ಸಂಪರ್ಕ ಖಾತೆ ನೋಡಿಕೊಂಡವರು ಸಿ.ಎಂ. ಸ್ಟೀಫನ್. ಕೇರಳದವರು, ಆದರೆ 1980ರಲ್ಲಿ ಲೋಕಸಭೆಗೆ ಆರಿಸಿ ಹೋಗಿದ್ದು ನಮ್ಮ ಗುಲ್ಬರ್ಗಾದ ಉಪಚುನಾವಣೆಯಲ್ಲಿ. ಫೋನು ಸರಿಯಿಲ್ಲ ಅಂತ ಸಂಸತ್ತಿನಲ್ಲಿ ಗಲಾಟೆಯಾದಾಗ ಅವರು ಕೊಟ್ಟ ಉತ್ತರವನ್ನ ದೂರಸಂಪರ್ಕದ ಇತಿಹಾಸ ಬರೆಯುವವರು ಇವತ್ತಿಗೂ ನೆನಪಿಸ್ತಾರೆ. ಫೋನು ಐಷಾರಾಮದ ವಸ್ತು, ಹಕ್ಕಲ್ಲ, ಬೇಡ ಅನ್ನಿಸಿದವರು ವಾಪಸ್ ಕೊಡಬಹುದು ಅನ್ನೋ ಧಾಟಿ ಅದು. ಅಂದರೆ ದೂರು ಕೊಡುವವನು ಗ್ರಾಹಕ ಅಲ್ಲ, ಫಲಾನುಭವಿ. ಕೊಟ್ಟಿದ್ದೇ ದೊಡ್ಡದು, ಸುಮ್ನಿರಿ ಅಂತ.

1986: ಒಂದೇ ವರ್ಷ, ಎರಡು ತಿರುವು

1984ರಲ್ಲಿ ಸಿ-ಡಾಟ್ ಸ್ಥಾಪನೆ ಆಯ್ತು, ಸ್ಯಾಮ್ ಪಿತ್ರೋಡಾ ಹೆಸರು ಕೇಳಿರ್ತೀರಿ. ನಮ್ಮ ಸೆಖೆ, ಧೂಳು ತಡೆದುಕೊಂಡು ಎ.ಸಿ. ಇಲ್ಲದೆ ಓಡುವ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ಬೇಕು ಅನ್ನೋದು ಅವರ ಗುರಿ. ಹಾಗೆ ತಯಾರಾದ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಬಂದಿದ್ದು ಎಲ್ಲಿಗೆ ಗೊತ್ತಾ? ಬೆಳಗಾವಿ ಜಿಲ್ಲೆಯ ಕಿತ್ತೂರಿಗೆ. ರಾಣಿ ಚೆನ್ನಮ್ಮನ ಕಿತ್ತೂರು.

ಅದೇ 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ದುಡ್ಡು ಕೊಟ್ಟು ಸೇವೆ ಪಡೆದವನು ಗ್ರಾಹಕ, ಸೇವೆಯಲ್ಲಿ ಕೊರತೆಯಾದರೆ ಪರಿಹಾರ ಕೇಳಬಹುದು ಅಂತ ಕಾನೂನು ಹೇಳಿದ್ದು ಆಗ. ಕಿತ್ತೂರಿನ ಯಂತ್ರ ಫೋನಿನ ತಂತ್ರಜ್ಞಾನ ಬದಲಿಸಿತು, ಈ ಕಾಯ್ದೆ ಫೋನಿಟ್ಟುಕೊಂಡವನ ಸ್ಥಾನ ಬದಲಿಸಿತು. ಕಾಗದದ ಮೇಲಂತೂ ಬದಲಿಸಿತು.

1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಫೋನ್ ಲೈನಿನಲ್ಲೇ ಡಯಲ್ ಮಾಡಿ ಹೋಗುವ ಇಂಟರ್ನೆಟ್. ಶುರುವಿನ ವಾರಗಳಲ್ಲಿ ಲೈನ್ ಸಿಕ್ತಿರಲಿಲ್ಲ, ಸಿಕ್ಕರೂ ಕಟ್ ಆಗ್ತಿತ್ತು. ಎಷ್ಟು ಕೆಟ್ಟದಾಗಿತ್ತು ಅಂದ್ರೆ ಸಂಸ್ಥೆಯ ಮುಖ್ಯಸ್ಥ ಬಿ.ಕೆ. ಸಿಂಗಲ್ ವ್ಯವಸ್ಥೆ ಎಡವಿದ್ದನ್ನ ಬಹಿರಂಗವಾಗಿಯೇ ಒಪ್ಪಿಕೊಂಡರು. ಬೇಡದಿದ್ರೆ ವಾಪಸ್ ಕೊಡಿ ಅನ್ನೋ ಕಾಲದಿಂದ ಇಲ್ಲಿಗೆ ಬರೋಕೆ ಸುಮಾರು 15 ವರ್ಷ ಹಿಡೀತು.

ಒಂದು ಪದ ಬಂತು, ಒಂದು ಪದ ಹೋಯ್ತು

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 2004ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟಿಸಿತು. ಅದರಲ್ಲಿ ಬ್ರಾಡ್‌ಬ್ಯಾಂಡ್ ಅಂದರೇನು ಅಂತ ಒಂದು ವ್ಯಾಖ್ಯೆ ಇದೆ. ಕನಿಷ್ಠ 256 ಕೆಬಿಪಿಎಸ್ ಡೌನ್‌ಲೋಡ್ ವೇಗ ಇರುವ ಡೇಟಾ ಸಂಪರ್ಕ. ಆದರೆ ಆ ವಾಕ್ಯದ ಶುರುವಲ್ಲೇ ಇನ್ನೊಂದು ಪದ ಇದೆ: ‘ಆಲ್ವೇಸ್ ಆನ್’. ಸದಾ ಚಾಲೂ ಇರುವ ಸಂಪರ್ಕ. ಡಯಲ್ ಮಾಡಬೇಕಿಲ್ಲ, ಕಾಯಬೇಕಿಲ್ಲ, ನಲ್ಲಿ ತಿರುಗಿಸಿದರೆ ನೀರು ಬಂದಹಾಗೆ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಅನ್‌ಲಿಮಿಟೆಡ್ ಅಂತ ಆಮೇಲೆ ಪ್ಲಾನ್ ಬಂದಾಗ ಅಲಾರಂ ಇಟ್ಟು ಎದ್ದು ಸಿನಿಮಾ ಡೌನ್‌ಲೋಡ್‌ಗೆ ಹಾಕ್ತಿದ್ದ ಅಣ್ಣಂದಿರು ಎಷ್ಟೋ ಮನೆಯಲ್ಲಿದ್ದರು. ಆದರೆ ಈ ಹೊಸ ಇಂಟರ್ನೆಟ್ ಹರಿದಿದ್ದು ಅದೇ ಹಳೇ ತಾಮ್ರದ ತಂತಿಯಲ್ಲಿ. ಮಾತಿಗೆ ಸಾಕಾಗ್ತಿದ್ದ ಜಾಯಿಂಟ್ ಡೇಟಾಗೆ ಸಾಲ್ತಿರಲಿಲ್ಲ. ನೆಲದಡಿಯ ಕೇಬಲ್‌ಗೆ ನೀರು ಹೊಕ್ಕರೆ ಫೋನಿನಲ್ಲಿ ಬರೀ ಗರಗರ ಸದ್ದು, ಇಂಟರ್ನೆಟ್ ಮಾತ್ರ ಪೂರ್ತಿ ಮಾಯ.

ಹಾಗಾದ್ರೆ ‘ಸದಾ’ ಅಂದ್ರೆ ಎಷ್ಟು? ಅದಕ್ಕೆ 2006ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮ ತಂತು. ಸೇವೆ ಶೇ 98ಕ್ಕಿಂತ ಹೆಚ್ಚು ಹೊತ್ತು ಲಭ್ಯ ಇರಬೇಕು. ನೂರರಲ್ಲಿ 90ಕ್ಕಿಂತ ಹೆಚ್ಚು ದೂರುಗಳು ಮರುದಿನದ ಕೆಲಸದ ವೇಳೆಗೆ, 99 ದೂರು 3 ಕೆಲಸದ ದಿನದೊಳಗೆ ಸರಿಹೋಗಬೇಕು. 3 ಕೆಲಸದ ದಿನ ದಾಟಿದರೆ ಮಾತ್ರ ಬಾಡಿಗೆಯಲ್ಲಿ ರಿಯಾಯಿತಿ: 3ರಿಂದ 7 ದಿನವಾದ್ರೆ ಒಂದು ವಾರದ್ದು, 7ರಿಂದ 15 ಆದ್ರೆ 15 ದಿನದ್ದು, ಅದಕ್ಕಿಂತ ಹೆಚ್ಚಾದ್ರೆ ತಿಂಗಳಿನದ್ದು. ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ಕ್ಯಾಲ್ಕುಲೇಟರ್ ತಗೊಳ್ಳಿ.

30 ದಿನದ ತಿಂಗಳಲ್ಲಿ 720 ಗಂಟೆ. ಅದರಲ್ಲಿ ಶೇ 2 ಅಂದ್ರೆ 14 ಗಂಟೆ 24 ನಿಮಿಷ. ಅಷ್ಟು ಹೊತ್ತು ಇಂಟರ್ನೆಟ್ ಹೋದರೂ ಶೇ 98 ಬಂದೇ ಬರುತ್ತೆ. ಅದೂ ನಿಮ್ಮ ಮನೆಯ ಲೆಕ್ಕ ಅಲ್ಲ, ಎಲ್ಲ ಬಳಕೆದಾರರನ್ನೂ ಸೇರಿಸಿ ತೆಗೆದ ಲೆಕ್ಕ. ಒಂದು ಬೀದಿಯವರು ತಿಂಗಳಿಡೀ ಒದ್ದಾಡಿದರೂ ಉಳಿದ ಊರು ಚೆನ್ನಾಗಿದ್ರೆ ಸರಾಸರಿ ಚೆನ್ನಾಗೇ ಕಾಣುತ್ತೆ.

ಕಳೆದ ವರ್ಷ ನಾನು ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ನಮ್ಮ ಮನೆಯ ಲೆಕ್ಕ ಬರೆದಿಟ್ಟೆ. ಕಂಪನಿಯ ಹೆಸರು ಇಲ್ಲಿ ಬೇಡ, ಯಾಕಂದ್ರೆ ಇದು ಒಂದು ಕಂಪನಿಯ ಕಥೆ ಅಲ್ಲ. 9 ಸಲ ಕಟ್ ಆಯ್ತು. ಅತಿ ಕಡಿಮೆ 20 ನಿಮಿಷ, ಅತಿ ಹೆಚ್ಚು ನಾಲ್ಕು ಗಂಟೆ. ಒಟ್ಟು 13 ಗಂಟೆ 40 ನಿಮಿಷ. ಅಂದರೆ ಶೇ 98ರ ಅಳತೆಗೋಲು ಇಟ್ಟರೆ ನಮ್ಮ ಕನೆಕ್ಷನ್ ಪಾಸ್! 9 ದೂರೂ ಅದೇ ದಿನ ಸರಿಹೋಗಿವೆ, ಅದೂ ಫುಲ್ ಮಾರ್ಕ್ಸ್. ರಿಯಾಯಿತಿ ಒಂದು ರೂಪಾಯಿಯೂ ಇಲ್ಲ, ಯಾಕಂದ್ರೆ ಯಾವುದೂ 3 ದಿನ ದಾಟಲಿಲ್ಲ.

ಈಗ ಇನ್ನೊಂದು ಕಡೆಯ ಲೆಕ್ಕ ಕೇಳಿ. ನಮ್ಮ ಮೇಲಿನ ಮನೆಯ ಅಕ್ಕ ಮನೆಯಿಂದ ಮೆಡಿಕಲ್ ಕೋಡಿಂಗ್ ಕೆಲಸ ಮಾಡ್ತಾರೆ. ಮಗು ಚಿಕ್ಕದು ಅಂತ ಆಫೀಸ್ ಬಿಟ್ಟು ಈ ಕೆಲಸ ಹಿಡಿದವರು. ಲಾಗಿನ್ ಗಂಟೆ ಕಡಿಮೆ ಬಿದ್ದರೆ ಅರ್ಧ ದಿನದ ಸಂಬಳ ಕಟ್. ಅದೇ ತಿಂಗಳು, ಅದೇ ಲೈನು, ಅವರಿಗೆ ಮೂರು ಅರ್ಧ ದಿನ ಹೋಯ್ತು. ಮೂರನೇ ಸಲ ಅವರ ಟೀಮ್ ಲೀಡರ್ ‘ವರ್ಕ್ ಫ್ರಮ್ ಹೋಮ್ ನಿಮಗೆ ಆಗಲ್ಲ ಅನ್ಸುತ್ತೆ’ ಅಂದ್ರಂತೆ. ಆ ಮಾತಿಗೆ ಯಾವ ನಿಯಮದಲ್ಲೂ ಕಾಲಂ ಇಲ್ಲ.

ಇಲ್ಲಿದೆ ನೋಡಿ ತಾಳೆಯಾಗದ ಲೆಕ್ಕದ ಮೂಲ. ‘3 ಕೆಲಸದ ದಿನ’ ಅನ್ನೋ ಅಳತೆ ಬರೋದು ಡೆಡ್ ಫೋನಿನ ಕಾಲದ ಯೋಚನೆಯಿಂದ. ಆಗ ಲೈನು ಕೆಟ್ಟರೆ ದಿನಗಟ್ಟಲೆ ಕೆಟ್ಟೇ ಇರ್ತಿತ್ತು, ಎಷ್ಟು ಬೇಗ ಸರಿಮಾಡಿದರು ಅನ್ನೋದೇ ದೊಡ್ಡ ಪ್ರಶ್ನೆ. ಈಗಿನ ಕಾಯಿಲೆ ಬೇರೆ. ಬೇಗ ಸರಿಹೋಗುತ್ತೆ, ಮತ್ತೆ ಬೇಗ ಕೆಡುತ್ತೆ. ಪ್ರತಿ ಸಲವೂ ಹೊಸ ಟಿಕೆಟ್, ಹೊಸ ಲೆಕ್ಕ. ದಿನಾ ಜ್ವರ ಬಂದು ಹೋಗುವ ರೋಗಿಯನ್ನ ಪ್ರತಿದಿನವೂ ‘ಗುಣವಾದವರು’ ಪಟ್ಟಿಗೆ ಸೇರಿಸಿದ ಹಾಗೆ.

ಇನ್ನೂ ಒಂದು ವಿಷಯ. 2013ರಲ್ಲಿ ಬ್ರಾಡ್‌ಬ್ಯಾಂಡ್ ವ್ಯಾಖ್ಯೆ ಬದಲಾಯ್ತು, ಕನಿಷ್ಠ ವೇಗ 512 ಕೆಬಿಪಿಎಸ್ ಆಯ್ತು. 2023ರ ಜನವರಿಯಲ್ಲಿ ಮತ್ತೆ ಬದಲಾಗಿ 2 ಎಂಬಿಪಿಎಸ್ ಆಯ್ತು. ವೇಗ ಏರಿತು, ಸಂತೋಷ. ಆದರೆ ಈ ಹೊಸ ವಾಕ್ಯಗಳಲ್ಲಿ ‘ಆಲ್ವೇಸ್ ಆನ್’ ಅನ್ನೋ ಪದ ಇಲ್ಲ. ಶುರುವಾಗೋದೇ ‘ಡೇಟಾ ಸಂಪರ್ಕ’ ಅಂತ. ಜಾಹೀರಾತು ನೋಡಿ, ಅಲ್ಲೂ ಹಾಗೇ: 100, 200, 300 ಎಂಬಿಪಿಎಸ್. ತಿಂಗಳಿಗೆ ಎಷ್ಟು ಸಲ ಕಟ್ ಆಗುತ್ತೆ ಅಂತ ಬೋರ್ಡ್ ಹಾಕಿದ ಅಂಗಡಿ ನಾನಂತೂ ನೋಡಿಲ್ಲ.

ಗಾಜಿನ ದಾರ, ಕರೆಂಟ್ ಕಂಬ

ಪದೇ ಪದೇ ಯಾಕೆ ಕಟ್ ಆಗುತ್ತೆ? ಫೈಬರ್ ಅಂದ್ರೆ ಕೂದಲಿನಷ್ಟು ತೆಳು ಗಾಜಿನ ಎಳೆ. ಕಂಪನಿಯ ಕಡೆಯ ಯಂತ್ರದ ಒಂದು ಪೋರ್ಟ್‌ನಿಂದ ಹೊರಟ ಬೆಳಕನ್ನ ಬೀದಿಯ ಪೆಟ್ಟಿಗೆಯಲ್ಲಿ 32 ಅಥವಾ 64 ಮನೆಗಳಿಗೆ ಹಂಚ್ತಾರೆ. ಆ ಒಂದು ಎಳೆ ತುಂಡಾದರೆ ಅಷ್ಟೂ ಮನೆಯಲ್ಲಿ ಕೆಂಪು ದೀಪ. ನಮ್ಮ ಊರುಗಳಲ್ಲಿ ಈ ಕೇಬಲ್ ಹೆಚ್ಚಾಗಿ ನೆಲದಡಿಯಲ್ಲಿಲ್ಲ. ಕರೆಂಟ್ ಕಂಬದಿಂದ ಮರಕ್ಕೆ, ಮರದಿಂದ ಮಹಡಿಗೆ ನೇತಾಡ್ತಿರುತ್ತೆ. ಕೊಂಬೆ ಬೀಳುತ್ತೆ, ಇಲಿ ಕಡಿಯುತ್ತೆ, ಎತ್ತರದ ಲಾರಿ ಎಳೆದುಕೊಂಡು ಹೋಗುತ್ತೆ.

ಹಾಗೆ ಬಿಡೋದೂ ಅಪಾಯವೇ. 2024ರಲ್ಲಿ ಬೆಂಗಳೂರಿನಲ್ಲಿ ಬೆಸ್ಕಾಂ ತನ್ನ ಕಂಬಗಳ ಮೇಲಿನ ಅನಧಿಕೃತ ಕೇಬಲ್‌ಗಳನ್ನ ತೆಗೆಯಿರಿ ಅಂತ ಗಡುವು ಕೊಟ್ಟು ಕತ್ತರಿಸೋಕೆ ಶುರುಮಾಡಿತು. ಪಾದಚಾರಿಗಳ ಸುರಕ್ಷತೆ ಒಂದು ಕಡೆ, ಮನೆಯ ಇಂಟರ್ನೆಟ್ ಇನ್ನೊಂದು ಕಡೆ. ನೆಲದಡಿ ಹಾಕಿದ ಕೇಬಲ್ ಕಥೆಯೂ ಅಷ್ಟಕ್ಕಷ್ಟೆ. ನೀರಿನವರು ಅಗೆದರೆ ಫೈಬರ್ ತುಂಡು, ಒಳಚರಂಡಿಯವರು ಅಗೆದರೆ ಮತ್ತೆ ತುಂಡು. ಅಗೆಯುವ ಮುಂಚೆ ಕೇಬಲ್ ಮಾಲೀಕರಿಗೆ ತಿಳಿಸೋಕೆ ಅಂತಲೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂತು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಕಡೆ ಫೈಬರ್ ತುಂಡಾಗುತ್ತೆ, ನಷ್ಟ ಸುಮಾರು 3,000 ಕೋಟಿ ರೂಪಾಯಿ ಅನ್ನೋದು ಆಗ ಸರ್ಕಾರವೇ ಕೊಟ್ಟ ಅಂದಾಜು.

ಈ ಎರಡರ ಮಧ್ಯೆ ಸಿಕ್ಕಿಕೊಂಡವರು ಬೈಕಿನಲ್ಲಿ ಬರುವ ಟೆಕ್ನಿಷಿಯನ್ ಹುಡುಗರು. ತುಂಡಾದ ಎಳೆಯ ಎರಡೂ ತುದಿ ಒರೆಸಿ, ಯಂತ್ರದಲ್ಲಿಟ್ಟು, ವಿದ್ಯುತ್ ಕಿಡಿಯಿಂದ ಬೆಸೆಯೋದು ಅವರ ಕೆಲಸ. ಕಂಬ ಹತ್ತಿ, ಮಳೆಯಲ್ಲಿ ನೆನೆದು ಬೆಸೆದ ಆ ಕೇಬಲ್ ಮತ್ತೆ ಅದೇ ಕೊಂಬೆಗೇ ನೇತಾಡುತ್ತೆ. ಬೈಗುಳ ಬೀಳೋದು ಅವರಿಗೆ. ದಾರಿ ಬದಲಿಸುವ ಅಧಿಕಾರ ಅವರಿಗಿಲ್ಲ, ಅದು ದುಡ್ಡು ಖರ್ಚು ಮಾಡಬೇಕಾದವರ ಕೈಯಲ್ಲಿದೆ.

7ಬಿ ಮತ್ತೆ ಬಂತು

ಇಷ್ಟಾದ ಮೇಲೆ ಗ್ರಾಹಕ ಕೋರ್ಟಿಗೆ ಹೋಗಬಹುದಲ್ವಾ ಅಂತ ಕೇಳ್ತೀರಿ. ಇಲ್ಲೇ 1885ರ ಭೂತ ಎದ್ದು ಬಂದಿದ್ದು. ಕೇರಳದ ಒಬ್ಬ ಫೋನ್ ಗ್ರಾಹಕರಿಗೆ ಗ್ರಾಹಕರ ವೇದಿಕೆ ಮರುಸಂಪರ್ಕ ಮತ್ತು 5,000 ರೂಪಾಯಿ ಪರಿಹಾರ ಕೊಡಿಸಿತ್ತು. 2009ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಟೆಲಿಗ್ರಾಫ್ ಕಾಯ್ದೆಯಲ್ಲಿ 7ಬಿ ಇರುವಾಗ ಗ್ರಾಹಕರ ವೇದಿಕೆಗೆ ಅಧಿಕಾರ ಇಲ್ಲ ಅಂತ. ಖಾಸಗಿ ಕಂಪನಿಗಳೂ ಇದೇ ತೀರ್ಪನ್ನ ಮುಂದೆ ಹಿಡಿದವು.

ಆ ಬಾಗಿಲು ಮತ್ತೆ ತೆರೆದಿದ್ದು 2022ರ ಫೆಬ್ರವರಿ 16ಕ್ಕೆ. ಅಹಮದಾಬಾದಿನ ಒಬ್ಬ ಮೊಬೈಲ್ ಗ್ರಾಹಕರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬರ್ತಿದ್ದ ಬಿಲ್ಲು ಒಮ್ಮೆ 24,609 ರೂಪಾಯಿ ಬಂತು. ಅವರು ಬಿಡಲಿಲ್ಲ. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ದೂರಸಂಪರ್ಕ ಸೇವೆಯ ಗ್ರಾಹಕರೂ ಗ್ರಾಹಕರ ವೇದಿಕೆಗೆ ಹೋಗಬಹುದು, 7ಬಿ ಅದಕ್ಕೆ ಅಡ್ಡಿಯಲ್ಲ ಅಂತ ಹೇಳಿತು. ಆಮೇಲೆ ಬಂದ 2023ರ ದೂರಸಂಪರ್ಕ ಕಾಯ್ದೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ಹಕ್ಕನ್ನ ಮುಟ್ಟಲ್ಲ ಅಂತ ಸ್ಪಷ್ಟವಾಗಿ ಬರೆದಿದೆ.

2024ರ ಅಕ್ಟೋಬರ್ 1ರಿಂದ ಟ್ರಾಯ್‌ನ ಹೊಸ ಗುಣಮಟ್ಟ ನಿಯಮಗಳು ಬಂದವು. ದಂಡದ ಮೊತ್ತ ಏರಿದೆ. ಮನೆ ಬ್ರಾಡ್‌ಬ್ಯಾಂಡಿಗೆ ಪರಿಹಾರ ಯಾವಾಗ? ದೋಷ ಸರಿಯಾಗೋಕೆ 3 ದಿನ ದಾಟಿದರೆ. ಹೌದು, ಅದೇ 3.

ಹಾಗಾದ್ರೆ ನಮ್ಮ ಕೈಯಲ್ಲಿ ಏನಿದೆ? ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸಲ್ಲ, ಅಲ್ಲಿಗೆ ಬರೆದು ಕಾಯಬೇಡಿ. ಮೊದಲು ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ ಪಡೀರಿ, ಅದನ್ನ ಕೊಡೋದು ಅವರ ಕರ್ತವ್ಯ. ತೃಪ್ತಿ ಆಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, 39 ದಿನದಲ್ಲಿ ಅದು ತೀರ್ಮಾನ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಗೂ ಮುಗಿಯದಿದ್ರೆ ನೀವು ಇರುವ ಜಿಲ್ಲೆಯ ಗ್ರಾಹಕರ ಆಯೋಗ. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ.

ಆದರೆ ಒಂದು ಮಾತು. ಒಂದೇ ಟಿಕೆಟ್ ಹಿಡ್ಕೊಂಡು ಹೋದರೆ ‘ಅವತ್ತೇ ಸರಿಮಾಡಿದ್ದೀವಿ’ ಅಂತಾರೆ. ಅದು ನಿಜವೂ ಹೌದು. ನೀವು ತೋರಿಸಬೇಕಾಗಿದ್ದು ಪಟ್ಟಿ: ತಾರೀಖು, ಹೋದ ಸಮಯ, ಬಂದ ಸಮಯ, ಡಾಕೆಟ್ ನಂಬರ್. ಮೂರು ತಿಂಗಳದ್ದು ಇದ್ದರೆ ಅದು ಒಂಬತ್ತು ಸಣ್ಣ ದೂರಲ್ಲ, ಒಂದು ದೊಡ್ಡ ಸೇವಾ ಕೊರತೆ ಅಂತ ವಾದಿಸೋಕೆ ಆಧಾರ ಸಿಗುತ್ತೆ. ನಿಯಮ ಬದಲಾಗಬೇಕಾಗಿರೋದೂ ಇಲ್ಲೇ ಅನ್ನೋದು ನನ್ನ ಅಭಿಪ್ರಾಯ. ಒಂದೇ ಮನೆಯಲ್ಲಿ ತಿಂಗಳೊಳಗೆ ಮತ್ತೆ ಮತ್ತೆ ಬಂದ ದೋಷವನ್ನ ಒಂದೇ ದೋಷ ಅಂತ ಎಣಿಸಬೇಕು, ಕೊನೇ ಸಲ ಸರಿಹೋಗುವವರೆಗೂ ಅದು ‘ಬಾಕಿ’ ಅಂತಲೇ ಇರಬೇಕು. ಹಾಗೆ ಎಣಿಸಿದ ದಿನ, ಕೊಂಬೆಗೆ ನೇತಾಡುವ ಕೇಬಲ್‌ನ ದಾರಿ ಬದಲಿಸೋದು ಕಂಪನಿಗೇ ಅಗ್ಗ ಆಗುತ್ತೆ.

ಮೇಲಿನ ಮನೆಯ ಅಕ್ಕ ಈಗ ಎರಡನೇ ಕನೆಕ್ಷನ್ ಹಾಕಿಸಿಕೊಂಡಿದ್ದಾರೆ, ಬೇರೆ ಕಂಪನಿಯದ್ದು. ತಿಂಗಳಿಗೆ ಇನ್ನೂ 500 ರೂಪಾಯಿ. ಎರಡೂ ಕೇಬಲ್ ಬರೋದು ಮಾತ್ರ ಒಂದೇ ಕಂಬದ ಮೇಲಿಂದ.

ನಿಮ್ಮ ಮನೆಯ ಪಟ್ಟಿ ಇವತ್ತಿನಿಂದಲೇ ಶುರುಮಾಡಿ.